ಚಳಿಗಾಲದ ಕೊನೆಯ ಕುಸುರಿ

ಪುಷ್ಯಮಾಸದ ಬೆಳಗು. ಬೆಂಗಳೂರಿನ ಹಳೆಯ ಬಡಾವಣೆಗಳ ಬೀದಿಗಳಲ್ಲಿ ಮಂಜು ಇನ್ನೂ ಪೂರ್ಣವಾಗಿ ಕರಗಿಲ್ಲ. ಕಿವಿಗೆ ಮಫ್ಲರ್ ಸುತ್ತಿಕೊಂಡ ಹಿರಿಯರೊಬ್ಬರು ಗೇಟಿನ ಬಳಿ ಪತ್ರಿಕೆಗಾಗಿ ಕಾದು ನಿಂತಿದ್ದಾರೆ. ಮನೆಯ ಮುಂದೆ ಈಗತಾನೆ ಬಿಡಿಸಿದ ರಂಗೋಲಿಯ ಮೇಲೆ ಇಬ್ಬನಿಯ ತೇವವಿದೆ. ಬೀದಿಯ ತಿರುವಿನಲ್ಲಿ ಗೋಣಿಚೀಲ ಹಾಸಿಕೊಂಡು ಕುಳಿತ ಹೆಂಗಸಿನ ಮುಂದೆ ಅವರೆಕಾಯಿಯ ರಾಶಿ. ಅದರ ಸೊಗಡು ನಾಲ್ಕು ಮನೆಗಳಾಚೆಗೂ ಹರಡಿದೆ. ಕ್ಯಾಲೆಂಡರ್ ನೋಡದಿದ್ದರೂ ಋತು ಯಾವುದೆಂಬುದನ್ನು ಆ ವಾಸನೆಯೇ ಹೇಳುತ್ತದೆ.

ಬೆಂಗಳೂರಿನ ಚಳಿ ಹಿಮದ ಊರುಗಳ ಚಳಿಯಂತಹುದಲ್ಲ. ಜನವರಿಯಲ್ಲಿ ಇರುಳಿನ ಉಷ್ಣಾಂಶ ಸಾಮಾನ್ಯವಾಗಿ 16 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುತ್ತದೆ. ನಗರದಲ್ಲಿ ದಾಖಲಾದ ಅತ್ಯಂತ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದು 1884ರ ಜನವರಿ 13ರಂದು, ಸಂಕ್ರಾಂತಿಯ ಹೊಸ್ತಿಲಲ್ಲಿಯೇ. ಆದರೂ ಈ ಸೌಮ್ಯವಾದ ಚಳಿಗೂ ತನ್ನದೇ ಆದ ದಿನಚರಿಯುಂಟು. ಹಂಡೆಯ ನೀರು ಕಾದಷ್ಟೂ ಸಾಲದು. ಕೊಬ್ಬರಿಯೆಣ್ಣೆ ಸೀಸೆಯೊಳಗೆ ಗಟ್ಟಿಯಾಗಿ ಕುಳಿತಿರುತ್ತದೆ. ಮನೆಯ ಬೆಕ್ಕಿನಿಂದ ಹಿಡಿದು ಅಜ್ಜಿಯವರೆಗೆ ಎಲ್ಲರೂ ಅಂಗಳದಲ್ಲಿ ಬಿಸಿಲು ಬೀಳುವ ಒಂದು ಮೂಲೆಯನ್ನು ಹುಡುಕುತ್ತಾರೆ. ಆ ಬಿಸಿಲಿನ ಮೂಲೆಯೇ ಮುಂದಿನ ಎರಡು ತಿಂಗಳ ಕಾಲ ಮನೆಯ ಕಾರ್ಖಾನೆಯೂ ಹೌದು, ಹರಟೆಯ ಕಟ್ಟೆಯೂ ಹೌದು.

ಸೂರ್ಯನ ಲೆಕ್ಕ, ಮನೆಯ ಲೆಕ್ಕ

ಸಂಕ್ರಾಂತಿಯಂದು ಸೂರ್ಯನು ಮಕರರಾಶಿಯನ್ನು ಪ್ರವೇಶಿಸುತ್ತಾನೆ; ಆ ದಿನ ಉತ್ತರಾಯಣದ ಆರಂಭವೆಂದು ಪಂಚಾಂಗ ಹೇಳುತ್ತದೆ. ಆಕಾಶದಲ್ಲಿ ಸೂರ್ಯನು ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದೇ. ಈ ಮೂರು ವಾರಗಳ ಅಂತರಕ್ಕೆ ಕಾರಣ, ತಿರುಗುವ ಬುಗುರಿಯ ತಲೆಯಂತೆ ಭೂಮಿಯ ಅಕ್ಷವೂ ಅತಿ ನಿಧಾನವಾಗಿ ಓಲಾಡುತ್ತಿರುವುದು. ನಕ್ಷತ್ರಗಳನ್ನು ಗುರುತಾಗಿಟ್ಟುಕೊಂಡು ಎಣಿಸುವ ಪಂಚಾಂಗಕ್ಕೂ ಋತುಗಳಿಗೂ ನಡುವೆ ಸುಮಾರು 72 ವರ್ಷಗಳಿಗೆ ಒಂದು ದಿನದಷ್ಟು ವ್ಯತ್ಯಾಸ ಬೀಳುತ್ತ ಬಂದಿದೆ.

ಗೃಹಿಣಿಯರು ಗಮನಿಸಿರಬಹುದಾದ ಇನ್ನೊಂದು ವಿಚಿತ್ರವೂ ಇದೆ. ಸಂಕ್ರಾಂತಿಯ ಹೊತ್ತಿಗೆ ಸಂಜೆಗಳು ಉದ್ದವಾಗತೊಡಗಿ ಎಷ್ಟೋ ದಿನಗಳಾಗಿರುತ್ತವೆ. ಆದರೆ ಬೆಳಗು ಮಾತ್ರ ಇನ್ನೂ ತಡವಾಗುತ್ತಲೇ ಇರುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತ್ಯಂತ ತಡವಾದ ಸೂರ್ಯೋದಯ ಬರುವುದು ಜನವರಿಯ ಮೂರನೆಯ ಅಥವಾ ನಾಲ್ಕನೆಯ ವಾರದಲ್ಲಿ. ಶಾಲೆಗೆ ಹೋಗುವ ಮಗುವನ್ನು ಎಬ್ಬಿಸಲು ತಾಯಿ ಪಡುವ ಪಾಡಿಗೆ ಸೂರ್ಯನೂ ಸ್ವಲ್ಪ ಹೊಣೆಗಾರನೆನ್ನಬೇಕು. ಹೀಗೆ ಬೆಳಗಿನಲ್ಲಿ ಚಳಿಗಾಲ ಉಳಿದಿರುವಾಗಲೇ ಸಂಜೆಯಲ್ಲಿ ಬೇಸಗೆಯ ಮೊದಲ ಸುಳಿವು ಕಾಣುವ ಈ ಸಂಧಿಕಾಲಕ್ಕೇ ನಮ್ಮ ಹಿರಿಯರು ತಮ್ಮ ಅತ್ಯಂತ ನಾಜೂಕಾದ ಮನೆಗೆಲಸವನ್ನು ಇರಿಸಿದ್ದಾರೆ.

ಮೊರದ ಸುತ್ತ ಒಂದು ಮಧ್ಯಾಹ್ನ

ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿಬೀಜ, ಹುರಿಗಡಲೆ. ಕೇಳುವಾಗ ಐದೇ ಹೆಸರುಗಳು. ಆದರೆ ಈ ಐದೂ ಒಂದು ತಟ್ಟೆಯಲ್ಲಿ ಕೂಡಿ ನಗಬೇಕಾದರೆ ಹತ್ತು ಹದಿನೈದು ದಿನಗಳ ದುಡಿಮೆ ಬೇಕು. ಹಳೆಯ ಮೈಸೂರಿನ ಮನೆಗಳಲ್ಲಿ ಡಿಸೆಂಬರ್ ಕೊನೆಯ ವಾರದಲ್ಲಿಯೇ ಇದಕ್ಕೆ ನಾಂದಿಯಾಗುತ್ತದೆ.

ಕೊಬ್ಬರಿ ಗಿಟುಕುಗಳ ಕಂದು ಸಿಪ್ಪೆಯನ್ನು ಮೊದಲು ಹೆರೆದು ತೆಗೆಯಬೇಕು. ಒಳಗಿನ ಬಿಳುಪು ಎಲ್ಲೆಡೆಯೂ ಸಮನಾಗಿ ಕಂಡ ಮೇಲೆ ತೆಳ್ಳನೆಯ ಪಟ್ಟಿಗಳಾಗಿ ಸೀಳಿ, ಆ ಪಟ್ಟಿಗಳನ್ನು ಮತ್ತೆ ಕಿರಿದಾಗಿ ಕತ್ತರಿಸಬೇಕು. ಅಚ್ಚುಬೆಲ್ಲವನ್ನು ಅಡಕತ್ತರಿಯಲ್ಲಿ ಕಡಲೆಯ ಗಾತ್ರಕ್ಕೆ ತುಂಡರಿಸಿ, ಅಂಟು ಹೋಗುವವರೆಗೆ ಬಿಸಿಲಿಗಿಡಬೇಕು. ತೇವ ಉಳಿದರೆ ಮಿಶ್ರಣವೆಲ್ಲ ಮುದ್ದೆಯಾದೀತು. ಕಡಲೆಕಾಯಿಬೀಜವನ್ನು ಹುರಿದು, ಅಂಗೈಗಳ ನಡುವೆ ಉಜ್ಜಿ ಸಿಪ್ಪೆ ಬಿಡಿಸಿ, ಎರಡು ಬೇಳೆಯಾಗಿ ಒಡೆದು, ಮೊರದಲ್ಲಿ ಕೇರಬೇಕು. ಎಳ್ಳನ್ನು ಕಲ್ಲು ಕಸವಿಲ್ಲದಂತೆ ಆರಿಸಿ, ಸಣ್ಣ ಉರಿಯಲ್ಲಿ ಚಟಪಟ ಎನ್ನುವಷ್ಟು ಮಾತ್ರ ಹುರಿಯಬೇಕು.

ಇಷ್ಟೆಲ್ಲ ಶ್ರಮಕ್ಕೆ ಕಾಲದ ಔಚಿತ್ಯವೂ ಇದೆ. ಎಳ್ಳಿನ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಕೊಬ್ಬರಿ ಮತ್ತು ಕಡಲೆಕಾಯಿಬೀಜಗಳೂ ಜಿಡ್ಡಿನ ಕಣಜಗಳೇ. ಚಳಿಗೆ ಚರ್ಮ ಒಡೆದು ಹಸಿವು ಹೆಚ್ಚುವ ದಿನಗಳಲ್ಲಿ ಇವು ದೇಹಕ್ಕೆ ಬೇಕಾದ ಕಸುವನ್ನು ಒದಗಿಸುತ್ತವೆ.

ಆದರೆ ಮೊರದ ಸುತ್ತ ಕುಳಿತವರು ಪೌಷ್ಟಿಕತೆಯ ವಿಚಾರ ಮಾತನಾಡುವುದಿಲ್ಲ. ಕೈ ಕೆಲಸ ಮಾಡುತ್ತಿರುವಾಗ ಬಾಯಿಗೆ ಬಿಡುವು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಮಗ ಪರೀಕ್ಷೆಗೆ ಎಷ್ಟು ಓದುತ್ತಿದ್ದಾನೆ, ಮೈಸೂರಿನ ದೊಡ್ಡಮ್ಮನ ಮಂಡಿನೋವು ಹೇಗಿದೆ ಎಂಬೆಲ್ಲ ಸಂಗತಿಗಳು ಕೊಬ್ಬರಿಯ ಚೂರುಗಳೊಡನೆ ತಟ್ಟೆಗೆ ಬೀಳುತ್ತವೆ. ಸಂಜೆಯ ಅಡಿಗೆಗೆ ನೆನೆಹಾಕಿದ ಅವರೆಕಾಳೂ ಪಕ್ಕದಲ್ಲಿಯೇ ಇರುತ್ತದೆ. ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದೊಂದೇ ಕಾಳನ್ನು ಹಿಡಿದು ಒತ್ತಿದರೆ ಬೇಳೆ ಚಿಮ್ಮಿ ಹೊರಬರುತ್ತದೆ. ಕೈಯಲ್ಲಿ ಸಿಪ್ಪೆ ಉಳಿಯುತ್ತದೆ. ಹಿತಕಿದಬೇಳೆಯ ಸಾರಿಗೆ ಇದಕ್ಕಿಂತ ಹತ್ತಿರದ ದಾರಿಯಿಲ್ಲ. ಮಕ್ಕಳಿಗೆ ಇದೊಂದು ಆಟ. ಯಾರ ಬೇಳೆ ದೂರ ಹಾರಿತೆಂಬುದೇ ಪಂದ್ಯ.

ಹಿಂದೆ ಈ ಕಾಯಿ ಹಗಲು ಕಿರಿದಾದ ತಿಂಗಳುಗಳಲ್ಲಿ ಮಾತ್ರ ದೊರೆಯುತ್ತಿತ್ತು. ನಾಡಿನ ಅವರೆ ಗಿಡ ಹೂಬಿಡಲು ದೀರ್ಘವಾದ ಇರುಳನ್ನು ಕಾಯುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ರೂಪಿಸಿದ ಹೆಬ್ಬಾಳ ಅವರೆಯ ತಳಿಗಳು ಹಗಲಿನ ಉದ್ದವನ್ನು ಲೆಕ್ಕಿಸದೆ ವರ್ಷದ ಇತರ ಕಾಲದಲ್ಲಿಯೂ ಕಾಯಿ ಬಿಡುತ್ತವೆ. ಆದರೂ ಇಬ್ಬನಿ ಬಿದ್ದ ಅವರೆಕಾಯಿಗೇ ನಿಜವಾದ ಸೊಗಡೆಂಬ ನಂಬಿಕೆ ಬೆಂಗಳೂರಿಗರ ಮನಸ್ಸಿನಿಂದ ಹೋಗಿಲ್ಲ.

ಪಾಕದ ಸದ್ದು

ಎಳ್ಳು ಬೆಲ್ಲಕ್ಕೆ ತಾಳ್ಮೆ ಸಾಕು; ಸಕ್ಕರೆ ಅಚ್ಚಿಗೆ ತಾಳ್ಮೆಯೊಡನೆ ಕಣ್ಣು, ಕಿವಿ, ಕೈಗಳ ಎಚ್ಚರವೂ ಬೇಕು. ಅದು ಕೈಗೆ ಹತ್ತುವ ಬಗೆಯನ್ನು ತಿಳಿಯಲು ಅಂತಹ ಒಂದು ಮನೆಯ ಅಡಿಗೆಮನೆಯನ್ನು ಓದುಗರು ಊಹಿಸಿಕೊಂಡರೆ ಸಾಕು.

ಅಟ್ಟದ ಮೇಲಿನ ಟ್ರಂಕಿನಿಂದ ಮರದ ಅಚ್ಚುಗಳು ಕೆಳಗಿಳಿದಿವೆ. ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಈ ಅಚ್ಚುಗಳಲ್ಲಿ ಬಸವ, ಮೀನು, ಗಿಣಿ, ತುಳಸಿಕಟ್ಟೆ, ಗೋಪುರ ಎಲ್ಲವೂ ಅರ್ಧರ್ಧವಾಗಿ ಕೆತ್ತಲ್ಪಟ್ಟಿವೆ. ಎರಡು ಹೋಳುಗಳನ್ನು ಜೋಡಿಸಿದಾಗ ನಡುವೆ ಬೊಂಬೆಯ ಆಕಾರದ ಪೊಳ್ಳು ಉಂಟಾಗುತ್ತದೆ. ಅವನ್ನು ಕೆಲವು ಗಂಟೆ ನೀರಿನಲ್ಲಿ ನೆನೆಸಿಟ್ಟು, ಒರಸಿ, ದಾರದಿಂದ ಬಿಗಿಯಬೇಕು. ನೀರು ಕುಡಿದ ಮರಕ್ಕೆ ಸಕ್ಕರೆ ಅಂಟುವುದಿಲ್ಲ.

ಈ ಮನೆಯ ಅಜ್ಜಿಯ ಕಣ್ಣಿಗೆ ಪೊರೆ ಬಂದಿದೆ. ಒಲೆಯ ಮುಂದೆ ನಿಲ್ಲುವ ಕೆಲಸ ಈ ವರ್ಷ ಕಾಲೇಜಿಗೆ ಹೋಗುವ ಮೊಮ್ಮಗಳ ಪಾಲಿಗೆ ಬಂದಿದೆ. ಅಜ್ಜಿ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದಾರೆ.

ಸಕ್ಕರೆ ಮುಳುಗುವಷ್ಟು ನೀರು ಬಿಟ್ಟು ಕುದಿಯಲಿಟ್ಟಾಯಿತು. ಕುದಿ ಬಂದೊಡನೆ ಎರಡು ಚಮಚ ಹಾಲು. ಹಾಲು ಬಿದ್ದ ಸ್ವಲ್ಪ ಹೊತ್ತಿನಲ್ಲಿಯೇ ಬೂದುಬಣ್ಣದ ನೊರೆ ಅಂಚಿಗೆ ಬಂದು ನಿಲ್ಲುತ್ತದೆ. ಹಾಲಿನಲ್ಲಿರುವ ಸಸಾರಜನಕ ಅಂಶ ಶಾಖಕ್ಕೆ ಗಟ್ಟಿಯಾಗುವಾಗ ಸಕ್ಕರೆಯ ಕೊಳೆಯನ್ನು ತನ್ನೊಳಗೆ ಸೆರೆಹಿಡಿದು ಮೇಲಕ್ಕೆ ತರುತ್ತದೆ. ಆ ನೊರೆಯನ್ನು ತೆಗೆದು, ತೆಳುಬಟ್ಟೆಯಲ್ಲಿ ಶೋಧಿಸಿದರೆ ಪಾಕ ಕನ್ನಡಿಯಂತೆ ತಿಳಿಯಾಗುತ್ತದೆ. ಅದರಲ್ಲಿ ಒಂದು ಸೌಟಿನಷ್ಟನ್ನು ಮಾತ್ರ ಸಣ್ಣ ಪಾತ್ರೆಗೆ ತೆಗೆದುಕೊಂಡು ಮತ್ತೆ ಕಾಯಿಸಬೇಕು.

ಮೊಮ್ಮಗಳ ಕೈಯಲ್ಲಿ ನೋಟುಪುಸ್ತಕವಿದೆ.

“ಅಜ್ಜಿ, ಎಷ್ಟು ನಿಮಿಷ ಕುದಿಸಬೇಕು ಹೇಳಿ, ಬರೆದುಕೊಳ್ತೀನಿ.”

“ನಿಮಿಷದ ಲೆಕ್ಕ ನನಗೆ ಗೊತ್ತಿಲ್ಲಮ್ಮ. ಗುಳ್ಳೆ ನೋಡು. ಮೊದಲು ದೊಡ್ಡ ಗುಳ್ಳೆ ಬರುತ್ತೆ. ಆಮೇಲೆ ಸಣ್ಣಗೆ, ಒತ್ತೊತ್ತಾಗಿ ಬರುತ್ತೆ. ಆಗ ಕೈಬಿಡದೆ ತಿರುವಬೇಕು.”

ಹುಡುಗಿಗೆ ಎಲ್ಲ ಗುಳ್ಳೆಗಳೂ ಒಂದೇ ಬಗೆಯಾಗಿ ಕಾಣುತ್ತವೆ. ಅವಸರದಿಂದ ತಿರುವಿ ಅಚ್ಚಿಗೆ ಹೊಯ್ದುಬಿಡುತ್ತಾಳೆ. ಹತ್ತು ನಿಮಿಷ ಕಾದು ದಾರ ಬಿಚ್ಚಿದರೆ ಬಸವ ಹೊರಬರಲೊಲ್ಲ. ಮೈ ಇನ್ನೂ ಅಂಟು, ಕೊಂಬು ಮರದಲ್ಲಿಯೇ ಉಳಿದಿದೆ. ಅವಳ ಮುಖ ಬಾಡುತ್ತದೆ. ಅಂಗಡಿಯಿಂದ ಅರ್ಧ ಕಿಲೋ ತಂದುಬಿಡಬಹುದಾಗಿತ್ತಲ್ಲ ಎಂದು ತಾಯಿ ಅಡಿಗೆಮನೆಯಿಂದಾಚೆಗೆ ಗೊಣಗಿದ್ದೂ ಕೇಳಿಸುತ್ತದೆ.

ಅಜ್ಜಿಗೆ ಗಾಬರಿಯೇನೂ ಇಲ್ಲ. “ಅದನ್ನೆಲ್ಲ ಕೆರೆದು ಪಾತ್ರೆಗೆ ಹಾಕು. ಎರಡು ಚಮಚ ನೀರು ಬಿಟ್ಟು ಮತ್ತೆ ಕಾಯಿಸು. ಸಕ್ಕರೆ ಎಲ್ಲಿಗೂ ಓಡಿಹೋಗಲ್ಲ. ಈ ಸಲ ನಾನು ಹೇಳೋವರೆಗೆ ತಿರುವಬೇಡ.”

ಕಣ್ಣು ಕಾಣದ ಅಜ್ಜಿ ಹೇಗೆ ಹೇಳಿಯಾರು? ಅವರು ಕಣ್ಣು ಮುಚ್ಚಿ ಕುಳಿತು ಕೇಳುತ್ತಾರೆ. ತೆಳ್ಳಗಿರುವ ಪಾಕ ಗಲಗಲನೆ ಕುದಿಯುತ್ತದೆ. ನೀರು ಇಂಗಿದಂತೆಲ್ಲ ಅದರ ಸದ್ದು ತಗ್ಗಿ, ದಪ್ಪಗಾಗುತ್ತ ಹೋಗುತ್ತದೆ. ಇದನ್ನು ಅವರು ಯಾರಿಂದಲೂ ಪಾಠವಾಗಿ ಕಲಿತವರಲ್ಲ. ವರ್ಷ ವರ್ಷವೂ ಒಲೆಯ ಮುಂದೆ ನಿಂತು ಕಿವಿಗೆ ಅಭ್ಯಾಸವಾದದ್ದು. “ಈಗ!” ಎನ್ನುತ್ತಾರೆ. ಮೊಮ್ಮಗಳು ಸೌಟಿನ ಬೆನ್ನಿನಿಂದ ರಭಸವಾಗಿ ತಿರುವುತ್ತಾಳೆ. ತಿಳಿಯಾದ ಪಾಕದಲ್ಲಿ ಮೊದಲು ಮಸುಕು, ಆಮೇಲೆ ಹಾಲಿನ ಬಿಳುಪು. ಒಂದು ಕ್ಷಣ ತಡವಾದರೂ ಪಾತ್ರೆಯಲ್ಲಿಯೇ ಗಟ್ಟಿಯಾಗಿಬಿಡುವ ಆ ಹದದಲ್ಲಿ ಅಚ್ಚಿಗೆ ಹೊಯ್ದಾಗುತ್ತದೆ.

ದಾರ ಬಿಚ್ಚಿದಾಗ ಎರಡು ಕೊಂಬೂ ನೆಟ್ಟಗಿರುವ ಬಸವ ಅಂಗೈಗೆ ಇಳಿಯುತ್ತಾನೆ. ಅಜ್ಜಿ ಅವನ ಬೆನ್ನ ಮೇಲೆ ಬೆರಳಾಡಿಸಿ ನೋಡಿ, “ನಯವಾಗಿ ಬಂದಿದೆ” ಎನ್ನುತ್ತಾರೆ. ಮೊಮ್ಮಗಳು ನೋಟುಪುಸ್ತಕದಲ್ಲಿ ನಿಮಿಷಕ್ಕೆಂದು ಬಿಟ್ಟಿದ್ದ ಜಾಗದಲ್ಲಿ ‘ಸದ್ದು ದಪ್ಪಗಾದಾಗ’ ಎಂದು ಬರೆದುಕೊಳ್ಳುತ್ತಾಳೆ.

ವಿಜ್ಞಾನದ ಮಾತಿನಲ್ಲಿ ನಡೆದದ್ದಿಷ್ಟು. ಬಿಸಿನೀರು ತಣ್ಣೀರಿಗಿಂತ ಬಹಳ ಹೆಚ್ಚು ಸಕ್ಕರೆಯನ್ನು ಕರಗಿಸಿಕೊಳ್ಳಬಲ್ಲುದು. ನೀರು ಆವಿಯಾಗಿ ಕಡಿಮೆಯಾದಾಗ ಪಾಕದಲ್ಲಿ ಸಕ್ಕರೆಯ ಸಾಂದ್ರತೆ ಏರುತ್ತದೆ. ಬಿಸಿ ತಗ್ಗತೊಡಗಿದೊಡನೆ ಅಷ್ಟೊಂದು ಸಕ್ಕರೆಯನ್ನು ಹಿಡಿದಿಡಲು ಆ ನೀರಿಗೆ ಶಕ್ತಿ ಸಾಲದು. ಆ ಹೊತ್ತಿನಲ್ಲಿ ತಿರುವಿದರೆ ಅಸಂಖ್ಯ ಸೂಕ್ಷ್ಮ ಹರಳುಗಳು ಒಮ್ಮೆಗೇ ಹುಟ್ಟುತ್ತವೆ. ಬೆಳಕು ಅವುಗಳ ಮೇಲೆ ಬಿದ್ದು ಚದುರುವುದರಿಂದ ಪಾಕ ಬೆಳ್ಳಗೆ ಕಾಣುತ್ತದೆ. ಹರಳು ಸಣ್ಣದಾದಷ್ಟೂ ಬೊಂಬೆ ನಯ. ಅಜ್ಜಿಯ ಕಿವಿ ಅಳೆದದ್ದು ಈ ಸಾಂದ್ರತೆಯನ್ನೇ.

ಒಂದು ಎಳ್ಳಿಗೆ ನೂರು ಹನಿ

ಇದಕ್ಕಿಂತ ಸೂಕ್ಷ್ಮವಾದದ್ದು ಕುಸುರಿಕಾಳು. ಅಗಲವಾದ ತಟ್ಟೆಯನ್ನು ಹದವಾದ ಕೆಂಡದ ಮೇಲಿಟ್ಟು, ಎಳ್ಳನ್ನು ಹರಡಿ, ಸಕ್ಕರೆ ಪಾಕವನ್ನು ಚಮಚದ ತುದಿಯಿಂದ ಹನಿಹನಿಯಾಗಿ ಬಿಡುತ್ತ ಬೆರಳುಗಳಿಂದ ಆಡಿಸುತ್ತಿರಬೇಕು. ಹನಿ ಒಣಗಿ ಕಾಳಿಗೆ ಹತ್ತಿದ ಮೇಲೆ ಮತ್ತೊಂದು ಹನಿ. ಶಾಖ ಹೆಚ್ಚಾದರೆ ಸಕ್ಕರೆ ಕಂದಾಗುತ್ತದೆ. ಪಾಕ ಹೆಚ್ಚಾದರೆ ಕಾಳುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗಂಟೆಗಟ್ಟಲೆ ಹೀಗೆ ನಡೆದ ಮೇಲೆ ಪ್ರತಿಯೊಂದು ಎಳ್ಳಿನ ಸುತ್ತಲೂ ಬೆಳ್ಳನೆಯ ಪುಟ್ಟ ಮುಳ್ಳುಗಳೇಳುತ್ತವೆ. ನಾಜೂಕಾದ ಕೈಗೆಲಸಕ್ಕೆ ಕನ್ನಡದಲ್ಲಿ ಕುಸುರಿ ಕೆಲಸವೆಂಬ ಹೆಸರಿದೆ. ಈ ಕಾಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದವರಿಗೆ ಆ ಮಾತಿನ ಅರ್ಥವನ್ನು ವಿವರಿಸಬೇಕಾಗಿಲ್ಲ.

ಹಬ್ಬದ ಸಂಜೆ ಈ ಎಲ್ಲ ಶ್ರಮವೂ ಮನೆಯಿಂದ ಹೊರಗೆ ಹೊರಡುತ್ತದೆ. ರೇಷ್ಮೆಯ ಲಂಗ ತೊಟ್ಟ ಹುಡುಗಿಯರು ತಟ್ಟೆಯಲ್ಲಿ ಎಳ್ಳಿನ ಪೊಟ್ಟಣ, ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣುಗಳನ್ನಿಟ್ಟುಕೊಂಡು ಮನೆಮನೆಗೆ ಎಳ್ಳು ಬೀರಲು ಹೋಗುತ್ತಾರೆ. “ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಿ” ಎಂಬುದು ಆ ದಿನದ ನುಡಿ. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ಮುತ್ತೈದೆಯರಿಗೆ ಬಾಳೆಹಣ್ಣುಗಳನ್ನು ಕೊಡುವ ಪದ್ಧತಿ ಕೆಲವು ಮನೆತನಗಳಲ್ಲಿದೆ. ಮೊದಲ ವರ್ಷ ಐದು, ಆಮೇಲೆ ವರ್ಷಕ್ಕೆ ಐದರಂತೆ ಹೆಚ್ಚಿಸುತ್ತ ಐದು ವರ್ಷ ನಡೆಸುತ್ತಾರೆ. ಪುಟ್ಟ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ, ಎಳಚಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸುಗಳನ್ನು ಬೆರೆಸಿ ತಲೆಯ ಮೇಲಿನಿಂದ ಸುರಿದು ಆರತಿ ಎತ್ತುವುದೂ ಉಂಟು. ಹಣ್ಣಿನ ಮಳೆಯಲ್ಲಿ ಕುಳಿತ ಮಗು ಅಳಬೇಕೋ ನಗಬೇಕೋ ತಿಳಿಯದೆ ತಾಯಿಯ ಮುಖ ನೋಡುತ್ತದೆ; ಅಕ್ಕ ಅಣ್ಣಂದಿರು ನೆಲದ ಮೇಲೆ ಉರುಳಿದ ಕಾಸುಗಳಿಗೆ ಮುಗಿಬೀಳುತ್ತಾರೆ.

ಹೋದ ತಟ್ಟೆ ಬರಿದಾಗಿ ಹಿಂದಿರುಗುವುದಿಲ್ಲ. ಪಕ್ಕದ ಮನೆಯ ಎಳ್ಳು ಈ ಮನೆಗೆ, ಈ ಮನೆಯದು ಎದುರು ಮನೆಗೆ. ಯಾರ ಮನೆಯ ಕೊಬ್ಬರಿ ಎಷ್ಟು ಸಣ್ಣ, ಯಾರ ಅಚ್ಚು ಎಷ್ಟು ಬಿಳುಪು ಎಂಬ ತೀರ್ಪೂ ಸದ್ದಿಲ್ಲದೆ ನಡೆದುಹೋಗುತ್ತದೆ. ವರ್ಷವಿಡೀ ಗೋಡೆಯ ವಿಚಾರಕ್ಕೆ ಮಾತು ಬಿಟ್ಟಿದ್ದ ನೆರೆಯವರ ಮನೆಗೂ ಮಗುವಿನ ಕೈಯಲ್ಲಿ ಒಂದು ಪೊಟ್ಟಣ ಕಳುಹಿಸಲು ಈ ಹಬ್ಬದಲ್ಲಿ ಅವಕಾಶವಿದೆ. ದೊಡ್ಡವರು ಆಡಲಾರದ ಮಾತನ್ನು ಎಂಟು ವರ್ಷದ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು ಹೇಳಿ ಬರುತ್ತಾಳೆ.

ತುಂಗಭದ್ರೆಯ ಆಚೆ

ಇಷ್ಟು ಹಳೆಯ ಮೈಸೂರಿನ ಮನೆಗಳ ಮಾತು. ತುಂಗಭದ್ರೆಯನ್ನು ದಾಟಿ ಉತ್ತರಕ್ಕೆ ನಡೆದರೆ ಚಳಿಯೂ ಬಲವಾಗುತ್ತದೆ, ಅಡಿಗೆಯೂ ಬದಲಾಗುತ್ತದೆ; ಕೈಕುಸುರಿ ಮಾತ್ರ ಬೇರೆ ರೂಪದಲ್ಲಿ ಮುಂದುವರಿಯುತ್ತದೆ. ಸಂಕ್ರಾಂತಿಯ ಹಿಂದಿನ ದಿನವಾದ ಭೋಗಿಗೆ ಅಲ್ಲಿ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ. ಹಬ್ಬದಂದು ಬುತ್ತಿ ಕಟ್ಟಿಕೊಂಡು ಹೊಳೆಯ ದಂಡೆಗೆ ಹೋಗಿ, ಮಿಂದು, ಬಂಧುಗಳೊಡನೆ ಕುಳಿತು ಉಣ್ಣುವ ಸಂಭ್ರಮ. ದಕ್ಷಿಣದ ಕುಸುರಿಕಾಳು ಅಲ್ಲಿ ಕುಸುರೆಳ್ಳೆನಿಸಿಕೊಂಡು ಕಿರಿಯರು ಹಿರಿಯರ ಕೈಗೆ ಕೊಟ್ಟು ನಮಸ್ಕರಿಸುವ ಕಾಣಿಕೆಯಾಗುತ್ತದೆ.

ಆ ಕಡೆಯ ಚಳಿಗೆ ಮನೆಯಲ್ಲಿಯೇ ಹುಟ್ಟಿದ ಉತ್ತರವೆಂದರೆ ಕೌದಿ. ಉಟ್ಟು ಹಳತಾದ ನೂಲಿನ ಸೀರೆ, ಪಂಚೆ, ಮಕ್ಕಳ ಅಂಗಿಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಆರಂಭಿಸಿ ನಡುವಿನತ್ತ ಸಾಲುಸಾಲಾಗಿ ಹೊಲಿಯುತ್ತಾರೆ. ಸುಗ್ಗಿಯ ಕೆಲಸ ಹಗುರಾದ ಮಧ್ಯಾಹ್ನಗಳಲ್ಲಿ ಇಬ್ಬರು ಮೂವರು ಹೆಂಗಸರು ಒಂದೇ ಕೌದಿಯ ಬೇರೆ ಬೇರೆ ಅಂಚುಗಳಲ್ಲಿ ಕುಳಿತು ಸೂಜಿ ನಡೆಸುವುದುಂಟು. ಎಷ್ಟೋ ಬಾರಿ ಒಗೆದು ಮೆತ್ತಗಾದ ಬಟ್ಟೆಯೇ ಇದಕ್ಕೆ ಉತ್ತಮ. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಮೈಯ ಬಿಸುಪು ಹೊರಗೆ ಹೋಗದಂತೆ ತಡೆಯುತ್ತದೆ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ಇದರ ಸೋದರಿ. ಅದರ ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಹೂವನ್ನು ಹೊಲಿಯದಿದ್ದರೆ ಕೆಲಸ ಮುಗಿದಂತಲ್ಲ. ಹೊದೆಯುವವರಿಗೆ ಈ ಹೂವಿನಿಂದ ಬಿಸುಪೇನೂ ಹೆಚ್ಚುವುದಿಲ್ಲ. ಆದರೂ ಹೊಲಿದವಳು ಅದನ್ನು ಬಿಡುವುದಿಲ್ಲ.

ಕೌದಿ ಹೊದ್ದು ಮಲಗಿದ ಮಗು ತುಂಡುಗಳ ಮೇಲೆ ಬೆರಳಿಟ್ಟು ಇದು ಯಾರ ಸೀರೆ, ಇದು ಯಾರ ಅಂಗಿ ಎಂದು ಕೇಳುತ್ತದೆ. ನಿದ್ದೆ ಬರುವುದರೊಳಗೆ ಅರ್ಧ ವಂಶಾವಳಿಯ ಪರಿಚಯ ಆಗಿಹೋಗುತ್ತದೆ.

ಬಿಸಿಲು ಏರುವ ಹೊತ್ತಿಗೆ

ಮಾಘ ಶುದ್ಧ ಸಪ್ತಮಿ ರಥಸಪ್ತಮಿ. ತಲೆ, ಭುಜಗಳ ಮೇಲೆ ಎಕ್ಕದ ಎಲೆಗಳನ್ನಿಟ್ಟುಕೊಂಡು ಸ್ನಾನ ಮಾಡಿದ ಮೇಲೆ ಬಿಸಿಲಿಗೆ ಹೊಸ ಬಲ ಬಂತೆಂಬ ಭಾವನೆ. ಹೊಂಗೆಯ ಮರಗಳು ಎಲೆಯುದುರಿಸಿ ಎಳೆಯ ಹಸುರನ್ನು ತೊಡುತ್ತವೆ; ಮಾವು ಹೂವಿನಿಂದ ತುಂಬಿರುತ್ತದೆ. ಬೆಂಗಳೂರಿನ ರಸ್ತೆಗಳಲ್ಲಿ ಟಬೂಬಿಯಾ ಮರಗಳು ನಸುಗೆಂಪು ಹೂಗಳನ್ನು ಉದುರಿಸುತ್ತವೆ. ಶಿವರಾತ್ರಿಗೆ ಚಳಿ “ಶಿವ ಶಿವಾ” ಎನ್ನುತ್ತ ಹೊರಟುಹೋಗುತ್ತದೆಂಬ ಮಾತು ಮನೆಮನೆಯಲ್ಲಿಯೂ ಕೇಳಿಬರುತ್ತದೆ.

ಚಳಿ ಹೋದೊಡನೆ ಬಿಸಿಲಿನ ಮೂಲೆಗೆ ಬೇರೆ ಕೆಲಸ. ಹೊದಿಕೆಗಳನ್ನು ಒಗೆದು ಒಣಗಿಸಿ ಮಡಿಸಿಟ್ಟಾಯಿತು. ಈಗ ಮಹಡಿಯ ಮೇಲೆ ಹಳೆಯ ಸೀರೆ ಹಾಸಿ ಸಂಡಿಗೆ ಇಡುವ ಕಾಲ. ಅಕ್ಕಿ ಸಂಡಿಗೆ, ಅರಳು ಸಂಡಿಗೆ, ಬೂದುಗುಂಬಳದ ಸಂಡಿಗೆ. ಮಜ್ಜಿಗೆ ಉಪ್ಪಿನಲ್ಲಿ ನೆನೆದ ಬಾಳಕದ ಮೆಣಸಿನಕಾಯಿ. ಕಾಗೆ ಕಾಯಲು ಅಜ್ಜ, ಕೊಡೆ ಮತ್ತು ಒಂದು ಉದ್ದನೆಯ ಕೋಲು. ಅಜ್ಜನಿಗೆ ಸಹಾಯಕರಾಗಿ ನೇಮಕಗೊಂಡ ಮಕ್ಕಳು ಅರೆಬರೆ ಒಣಗಿದ ಸಂಡಿಗೆಯನ್ನು ಕಾಗೆಗಿಂತ ಹೆಚ್ಚಾಗಿ ತಿಂದುಬಿಡುವುದೂ ಹೊಸ ಸಂಗತಿಯಲ್ಲ. ಮಳೆಗಾಲದ ಸಂಜೆಯೊಂದರಲ್ಲಿ ಎಣ್ಣೆಗೆ ಬಿದ್ದು ಅರಳುವ ಸಂಡಿಗೆ ಈ ಬಿಸಿಲಿನ ಉಳಿತಾಯ.

ಯಾರ ಕೈಗಳು?

ಈ ಸಂತೋಷಗಳ ವರ್ಣನೆಯಲ್ಲಿ ಮರೆಯಬಾರದ ಒಂದು ಸಂಗತಿಯಿದೆ. ಹಿಂದಿನ ಕಾಲದಲ್ಲಿ ಈ ದುಡಿಮೆಯೆಲ್ಲ ಬಿದ್ದುದು ಹೆಂಗಸರ ಮೇಲೆಯೇ. ತುಂಬಿದ ಮನೆಗಳಲ್ಲಿ ಅತ್ತೆ, ಸೊಸೆಯರು, ನಾದಿನಿಯರು ಕೂಡಿ ಮಾಡುತ್ತಿದ್ದುದರಿಂದ ಅದು ಹಬ್ಬವೂ ಆಗಿತ್ತು, ಬೆನ್ನುನೋವೂ ಆಗಿತ್ತು. ಇಂದು ಮನೆಗಳು ಚಿಕ್ಕವು. ಬೆಳಿಗ್ಗೆ ಕಚೇರಿಗೆ ಹೊರಟು ಸಂಜೆ ದಣಿದು ಬರುವ ಗೃಹಿಣಿಯೊಬ್ಬಳೇ ಕೊಬ್ಬರಿ ಹೆರೆದು, ಬೆಲ್ಲ ಕತ್ತರಿಸಿ, ಪಾಕ ಕಾಯಿಸಬೇಕೆಂದರೆ ಅದು ಸಂಪ್ರದಾಯದ ಹೆಸರಿನ ಚಾಕರಿಯಾದೀತು. ಅಂಗಡಿಯ ಪೊಟ್ಟಣವನ್ನು ಕೊಳ್ಳುವ ಅಂತಹ ಮನೆಯವರನ್ನು ಸೋಮಾರಿಗಳೆಂದು ಹಳಿಯುವುದು ಅನ್ಯಾಯ. ಗಾಂಧಿಬಜಾರಿನಲ್ಲಿಯೋ ಮಲ್ಲೇಶ್ವರದಲ್ಲಿಯೋ ಹಬ್ಬದ ವಾರ ರಾಶಿ ಬೀಳುವ ಎಳ್ಳು ಬೆಲ್ಲದ ಹಿಂದೆಯೂ ಯಾರೋ ಕೈಗಳು ದುಡಿದಿರುತ್ತವೆ. ಅದರಿಂದ ಕೆಲವು ಸಂಸಾರಗಳಿಗೆ ನಾಲ್ಕು ಕಾಸಿನ ಸಂಪಾದನೆಯೂ ಆಗುತ್ತದೆ.

ಆದರೂ ಪೊಟ್ಟಣದಲ್ಲಿ ಬಾರದ ವಸ್ತುವೊಂದುಂಟು. ಪಾಕದ ಸದ್ದನ್ನು ಕೇಳಿ ಹದ ಹೇಳುವ ಕಿವಿ ಅಂಗಡಿಯಲ್ಲಿ ದೊರೆಯುವುದಿಲ್ಲ. ಅದು ಒಬ್ಬರ ಪಕ್ಕದಲ್ಲಿ ಇನ್ನೊಬ್ಬರು ನಿಂತು, ಒಂದೆರಡು ಬಸವನ ಕೊಂಬು ಮುರಿದ ಮೇಲೆ ಬರುವ ವಿದ್ಯೆ. ಹೇಳಿಕೊಡುವವರು ಇರುವಾಗ ಕಲಿಯದೆ ಹೋದರೆ ಅಚ್ಚುಗಳು ಟ್ರಂಕಿನಲ್ಲಿಯೇ ಉಳಿದು, ಅವುಗಳನ್ನು ತುಂಬುವ ಬಗೆ ಮಾತ್ರ ಮನೆಯಿಂದ ಮಾಯವಾಗುತ್ತದೆ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಐದನ್ನೂ ಮನೆಯಲ್ಲಿಯೇ ಮಾಡಬೇಕೆಂಬ ಹಟ ಬೇಡ. ಒಂದನ್ನಾದರೂ ಮಾಡಿದರೆ ಸಾಕು. ಉಳಿದುದನ್ನು ಧಾರಾಳವಾಗಿ ಕೊಳ್ಳಬಹುದು. ಆದರೆ ಆ ಒಂದನ್ನು ಮನೆಯವರೆಲ್ಲರೂ ಕೂಡಿ ಮಾಡಬೇಕು. ಕೊಬ್ಬರಿ ಹೆರೆಯುವುದಕ್ಕೆ ಗಂಡಸಿನ ಕೈ ಒಲ್ಲೆನೆನ್ನುವುದಿಲ್ಲ. ಅಡಕತ್ತರಿ ಹಿಡಿಯಲು ಅಪ್ಪನಿಗೆ ಬರುತ್ತದೆ. ಕಡಲೆಕಾಯಿಬೀಜದ ಸಿಪ್ಪೆ ಊದಿ ಹಾರಿಸುವುದು ಹುಡುಗರಿಗೆ ಹೇಳಿ ಮಾಡಿಸಿದ ಕೆಲಸ. ರಜೆಯ ದಿನದ ಒಂದು ಮಧ್ಯಾಹ್ನ ಮೊರದ ಸುತ್ತ ನಾಲ್ವರು ಕುಳಿತರೆ ಒಬ್ಬಳ ನಾಲ್ಕು ದಿನಗಳ ದುಡಿಮೆ ಒಂದೇ ದಿನಕ್ಕೆ ಇಳಿಯುತ್ತದೆ. ಕೈಗಳು ತೊಡಗಿರುವುದರಿಂದ ಅಷ್ಟು ಹೊತ್ತು ಯಾರೂ ಮೊಬೈಲು ಹಿಡಿಯುವಂತಿಲ್ಲ ಎಂಬುದೂ ಒಂದು ಸಣ್ಣ ಲಾಭವೇ.

ಅಜ್ಜಿ ಮೊಮ್ಮಗಳ ಆ ಅಡಿಗೆಮನೆಯಲ್ಲಿ ಹಬ್ಬ ಮುಗಿದಿದೆ. ಅಚ್ಚುಗಳನ್ನು ಬಿಸಿನೀರಿನಲ್ಲಿ ತೊಳೆದು, ಸಂದಿಗಳಲ್ಲಿ ಸಕ್ಕರೆ ಉಳಿದು ಇರುವೆ ಮುತ್ತದಂತೆ ಕಡ್ಡಿಯಿಂದ ಬಿಡಿಸಿ, ನೆರಳಿನಲ್ಲಿ ಎರಡು ದಿನ ಒಣಗಿಸಿದ್ದಾರೆ. ಒಂದೊಂದನ್ನೂ ಜೋಡಿ ತಪ್ಪದಂತೆ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತುವ ಕೆಲಸ ಈ ಬಾರಿ ತಾಯಿಯದು. ಗೊಣಗಿದ್ದ ಆಕೆಯೇ ಮೀನಿನ ಅಚ್ಚಿಗೆ ಹೊಸ ದಾರ ಕಟ್ಟುತ್ತ, ಮುಂದಿನ ವರ್ಷ ಒಂದು ದಿನ ರಜೆ ಹಾಕುವುದಾಗಿ ಹೇಳುತ್ತಾಳೆ. ನೋಟುಪುಸ್ತಕವೂ ಟ್ರಂಕಿಗೆ ಸೇರುತ್ತದೆ. ಕೊಂಬು ಚೆನ್ನಾಗಿ ಬಂದ ಮೊದಲ ಬಸವನನ್ನು ಮಾತ್ರ ಯಾರಿಗೂ ಬೀರಿಲ್ಲ. ಅಜ್ಜಿಯ ಮಂಚದ ಪಕ್ಕದ ಗೂಡಿನಲ್ಲಿ, ಗಾಜಿನ ಲೋಟವೊಂದನ್ನು ಬೋರಲು ಹಾಕಿಕೊಂಡು, ಅವನು ಬೇಸಗೆಯನ್ನು ಎದುರು ನೋಡುತ್ತಿದ್ದಾನೆ.